ಮೊಣಕಾಲಿನ ಸೋನೋಗ್ರಾಫಿ: ಮೊದಲ ಸಲ ಹೋಗುವವರಿಗೆ

ಮೊಣಕಾಲು ನೋವೆಂದು ಡಾಕ್ಟರರ ಹತ್ತಿರ ಹೋಗಿದ್ದೀರಿ. ಅವರು ಮುಟ್ಟಿ, ಮಡಚಿ, ಬಿಡಿಸಿ ನೋಡಿ ಚೀಟಿಯ ಮೇಲೆ ‘ಯು.ಎಸ್.ಜಿ. ರೈಟ್ ನೀ’ ಎಂದು ಬರೆದುಕೊಟ್ಟಿದ್ದಾರೆ. ಬಲ ಮೊಣಕಾಲಿಗೆ ಅಲ್ಟ್ರಾಸೌಂಡ್ ಮಾಡಿಸಿ ಎಂದು ಅದರರ್ಥ. ಕೊಲ್ಹಾಪುರದ ಸೀಮೆಯಲ್ಲಿ ಎಲ್ಲರೂ ಅದನ್ನು ಸೋನೋಗ್ರಾಫಿ ಎನ್ನುತ್ತಾರೆ. ಬಸುರಿಯರಿಗೆ, ಹೊಟ್ಟೆನೋವಿಗೆ, ಕಿಡ್ನಿಯ ಹರಳಿಗೆ ಮಾಡುವ ಪರೀಕ್ಷೆ ಎಂದಷ್ಟೇ ಅದನ್ನು ತಿಳಿದವರಿಗೆ ಮೊಣಕಾಲಿಗೂ ಏಕೆ ಎಂಬ ಪ್ರಶ್ನೆ ಏಳುವುದು ಸಹಜ.

ಆ ಪ್ರಶ್ನೆ ಇಟ್ಟುಕೊಂಡವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನೂಲ, ಹಲಕರ್ಣಿಯಂಥ ಹಳ್ಳಿಗಳಿಂದ ಗಡಹಿಂಗ್ಲಜಕ್ಕೆ, ಬೋರಗಾಂವ, ಸದಲಗಾ ಕಡೆಯಿಂದ ಇಚಲಕರಂಜಿಗೆ, ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ದವಾಖಾನೆಗೆಂದು ಹೋಗುವ ಕನ್ನಡದ ಮನೆಗಳು ಬಹಳ. ಬೋರ್ಡು ಮರಾಠಿಯಲ್ಲಿ, ರಿಪೋರ್ಟು ಇಂಗ್ಲಿಷಿನಲ್ಲಿ, ಖರ್ಚು ಕೈಯಿಂದ. ಹೀಗಿರುವಾಗ ಏನು ಮಾಡಿಸುತ್ತಿದ್ದೇವೆ ಎಂಬುದಾದರೂ ತಿಳಿದಿರಬೇಕು. ಇಡೀ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಕೇಳಿದ ಪ್ರಶ್ನೆಗೆ ಮಾತ್ರ ಸ್ಕ್ಯಾನು ಉತ್ತರ ಕೊಡುತ್ತದೆ. ಪ್ರಶ್ನೆ ಸರಿಯಾಗಿದ್ದರೆ ಸೋನೋಗ್ರಾಫಿ ಅಗ್ಗದ, ನೋವಿಲ್ಲದ, ಒಳ್ಳೆಯ ಪರೀಕ್ಷೆ. ಪ್ರಶ್ನೆಯೇ ಇಲ್ಲದೆ ಹೋದರೆ ಒಂದು ಹಾಳೆ ಕೈಗೆ ಬರುತ್ತದೆ, ನೋವು ಇದ್ದಲ್ಲೇ ಇರುತ್ತದೆ.

ಶಬ್ದ ಚಿತ್ರವಾಗುವ ಬಗೆ

ಮನುಷ್ಯನ ಕಿವಿಗೆ ಕೇಳುವ ಶಬ್ದ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳ ನಡುವಿನದು. ಮೊಣಕಾಲ ಮೇಲೆ ಆಡಿಸುವ ಪ್ರೋಬ್ ಎಂಬ ಸಾಧನ ಹೊರಡಿಸುವ ಶಬ್ದ ಸೆಕೆಂಡಿಗೆ ಒಂದು ಕೋಟಿ ಕಂಪನಗಳ ಆಸುಪಾಸಿನದು. ಅದು ನಮಗೆ ಕೇಳಿಸುವುದಿಲ್ಲ, ಮೈಗೆ ತಾಕಿದ್ದೂ ಗೊತ್ತಾಗುವುದಿಲ್ಲ. ಚರ್ಮದ ಕೆಳಗಿನ ಮೆದು ಭಾಗಗಳಲ್ಲಿ ಅದು ಸೆಕೆಂಡಿಗೆ ಸರಾಸರಿ 1,540 ಮೀಟರ್ ವೇಗದಲ್ಲಿ ಸಾಗಿ, ಒಂದು ಪದರ ಮುಗಿದು ಇನ್ನೊಂದು ಶುರುವಾಗುವಲ್ಲೆಲ್ಲ ಸ್ವಲ್ಪ ಸ್ವಲ್ಪ ಮರಳುತ್ತದೆ. ಮರಳಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ಯಂತ್ರ ಆಳವನ್ನು ಲೆಕ್ಕಹಾಕಿ ಚಿತ್ರ ಬಿಡಿಸುತ್ತದೆ. ಎಕ್ಸ್‌ರೇಯಲ್ಲಿ ಇರುವಂಥ ವಿಕಿರಣ ಇದರಲ್ಲಿ ಇಲ್ಲ.

ಪರದೆಯ ಮೇಲೆ ನೀರು ಕಪ್ಪಗೆ ಕಾಣುತ್ತದೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಟೆಂಡನ್ ಬಿಳಿ ಎಳೆಗಳ ಕಟ್ಟಿನಂತೆ ಕಾಣುತ್ತದೆ. ಎಲುಬು ಮಾತ್ರ ಒಂದು ಬಿಳಿ ಗೆರೆಯಷ್ಟೇ. ಶಬ್ದವನ್ನೆಲ್ಲ ಅದು ಹಿಂದಕ್ಕೆ ಅಟ್ಟಿಬಿಡುವುದರಿಂದ ಅದರ ಆಚೆ ಏನಿದೆಯೋ ಕಾಣುವುದಿಲ್ಲ. ರಾತ್ರಿ ಬದುವಿನ ಮೇಲೆ ನಿಂತು ಕಬ್ಬಿನ ಗದ್ದೆಗೆ ಬ್ಯಾಟರಿ ಬಿಟ್ಟರೆ ಮುಂದಿನ ಸಾಲುಗಳ ಗರಿ ಗರಿಯೂ ಕಾಣುತ್ತದೆ, ನಡುಗದ್ದೆಯಲ್ಲಿ ಏನಿದೆಯೋ ತಿಳಿಯದು. ಮೊಣಕಾಲಿನ ಸೋನೋಗ್ರಾಫಿಯೂ ಹಾಗೆಯೇ. ಹೊರಸುತ್ತಿನದು ಚೆನ್ನಾಗಿ, ಕೀಲಿನ ನಟ್ಟನಡುವಿನದು ಇಲ್ಲ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಗ್ಲಾಸ್ಗೋದ ಡಾಕ್ಟರ್ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಹೊಟ್ಟೆಯ ಗಡ್ಡೆಗಳನ್ನು ಶಬ್ದದಿಂದ ನೋಡಿದ ವರದಿಯನ್ನು ಪ್ರಕಟಿಸಿದ್ದು 1958ರಲ್ಲಿ. ಕೀಲಿನ ಸರದಿ ಬಂದದ್ದು 1972ರಲ್ಲಿ, ಅದೂ ಮೊಣಕಾಲಿನ ಹಿಂಬದಿಯಿಂದ. ಅಲ್ಲಿ ನೀರು ತುಂಬಿ ಏಳುವ ಬೇಕರ್ಸ್ ಸಿಸ್ಟ್ ಎಂಬ ಚೀಲಕ್ಕೂ ಕಾಲಿನ ರಕ್ತನಾಳದ ಉರಿಯೂತಕ್ಕೂ ಇರುವ ವ್ಯತ್ಯಾಸವನ್ನು ಮ್ಯಾಕ್‌ಡೊನಾಲ್ಡ್ ಮತ್ತು ಲಿಯೊಪೋಲ್ಡ್ ಎಂಬಿಬ್ಬರು ಆ ವರ್ಷ ಅಲ್ಟ್ರಾಸೌಂಡಿನಿಂದ ತೋರಿಸಿದರು. ಮೀನಖಂಡ ಬಾತುಕೊಂಡು ಬಂದವರಿಗೆ ಇಂದಿಗೂ ಇದೇ ಪ್ರಶ್ನೆಗಾಗಿ ಸೋನೋಗ್ರಾಫಿ ಬರೆದುಕೊಡುತ್ತಾರೆ.

ಮೊಣಕಾಲಿನೊಳಗೆ ಏನಿದೆ

ತೊಡೆಯ ಎಲುಬು ಮೇಲೆ, ಮೊಣಕಾಲ ಕೆಳಗಿನ ದಪ್ಪ ಎಲುಬು ಕೆಳಗೆ, ಎದುರಿಗೆ ಚಿಪ್ಪು. ಎರಡು ಎಲುಬುಗಳು ಒಂದಕ್ಕೊಂದು ಉಜ್ಜದಂತೆ ನುಣುಪಾದ ಮೃದ್ವಸ್ಥಿಯ ಹೊದಿಕೆ. ನಡುವೆ ಅರ್ಧಚಂದ್ರದ ಆಕಾರದ ಎರಡು ಗಾದಿಗಳು. ಈ ಗಾದಿಗಳಿಗೆ ಮೆನಿಸ್ಕಸ್ ಎಂದು ಹೆಸರು. ಎಲುಬಿಗೆ ಎಲುಬನ್ನು ಬಿಗಿದು ಹಿಡಿಯುವ ಪಟ್ಟಿಗಳಿಗೆ ಲಿಗಮೆಂಟ್ ಎನ್ನುತ್ತಾರೆ. ಮುಖ್ಯವಾದವು ನಾಲ್ಕು: ಒಳಬದಿಗೊಂದು, ಹೊರಬದಿಗೊಂದು, ಕೀಲಿನ ನಡುವೆ ಒಂದನ್ನೊಂದು ಹಾಯ್ದು ಹೋಗುವ ಎರಡು. ಆಟಗಾರರು ‘ಎ.ಸಿ.ಎಲ್.’ ಎಂದು ಹೆದರಿ ಹೇಳುವುದು ನಡುವಿನ ಎರಡರಲ್ಲಿ ಮುಂದಿನದಕ್ಕೆ. ಇವಲ್ಲದೆ ಚಿಪ್ಪಿನ ಮೇಲೂ ಕೆಳಗೂ ಗಟ್ಟಿ ಟೆಂಡನ್‌ಗಳಿವೆ, ಉಜ್ಜಾಟ ತಪ್ಪಿಸಲು ಅಲ್ಲಲ್ಲಿ ಬರ್ಸಾ ಎಂಬ ಸಣ್ಣ ಚೀಲಗಳಿವೆ.

ಈಗ ಮೇಲಿನ ಸೂತ್ರವನ್ನು ಹಚ್ಚಿ ನೋಡಿ. ಚಿಪ್ಪಿನ ಟೆಂಡನ್‌ಗಳು, ಒಳಬದಿ ಹೊರಬದಿಯ ಲಿಗಮೆಂಟ್‌ಗಳು, ಬರ್ಸಾದ ಬಾವು, ಕೀಲಿನಲ್ಲಿ ನಿಂತ ನೀರು, ಹಿಂಬದಿಯ ಸಿಸ್ಟ್, ಸ್ನಾಯು ಹರಿದು ಕಟ್ಟಿದ ರಕ್ತ: ಇವು ಸೋನೋಗ್ರಾಫಿಗೆ ಚೆನ್ನಾಗಿ ಕಾಣುತ್ತವೆ. ಅದೇ ಯಂತ್ರದಲ್ಲಿ ರಕ್ತದ ಹರಿವು ತೋರಿಸುವ ಡಾಪ್ಲರ್ ಹಾಕಿದರೆ ಉರಿಯೂತ ಇರುವಲ್ಲಿ ಹೆಚ್ಚಿದ ರಕ್ತದ ಓಟವೂ ಕಾಣುತ್ತದೆ. ಗೌಟ್ ಎಂಬ ಕೀಲುಬೇನೆಯ ಹರಳುಗಳ ಗುರುತೂ ಸಿಗಬಹುದು. ಎ.ಸಿ.ಎಲ್., ಮೆನಿಸ್ಕಸ್ಸಿನ ಒಳಭಾಗ, ಭಾರ ಹೊರುವ ಮೃದ್ವಸ್ಥಿಯ ಹೆಚ್ಚಿನ ಪಾಲು ಇದಕ್ಕೆ ನೆಚ್ಚುವಂತೆ ಕಾಣುವುದಿಲ್ಲ. ಅವುಗಳಿಗೆ ಎಂ.ಆರ್.ಐ. ಬೇಕು. ಎಲುಬು ಮುರಿದಿದೆಯೇ, ಕೀಲು ಎಷ್ಟು ಸವೆದಿದೆ ಎಂಬುದಕ್ಕೆ ಮೊದಲು ಎಕ್ಸ್‌ರೇ. ಸವೆತಕ್ಕಾದರೆ ನಿಂತು ತೆಗೆಸಿದ ಎಕ್ಸ್‌ರೇ.

ಮೂರು ಊರುಗಳ ಮೊಣಕಾಲು

ಕೊಲ್ಹಾಪುರ ಪೈಲ್ವಾನರ ಊರು. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ 1912ರಿಂದ ಇದೆ. ತಾಲೀಮು ಎಂದು ಕರೆಯುವ ಗರಡಿಗಳ ಹೆಸರು ಅಲ್ಲಿ ಫುಟ್ಬಾಲಿಗೂ ಹಬ್ಬಿದೆ. ಪಾಟಾಕಡೀಲ ತಾಲೀಮ್, ದಿಲಬಹಾರ್ ತಾಲೀಮ್, ಖಂಡೋಬಾ ತಾಲೀಮ್ ಎಂಬ ಹೆಸರಿನ ತಂಡಗಳೇ ಶಾಹು ಸ್ಟೇಡಿಯಮ್ಮಿನಲ್ಲಿ ಆಡುತ್ತವೆ. ಕುಸ್ತಿಯಲ್ಲೂ ಫುಟ್ಬಾಲಿನಲ್ಲೂ ಪಾದ ನೆಲಕ್ಕೆ ಊರಿದ್ದಾಗಲೇ ಮೈ ತಿರುಗುತ್ತದೆ. ಆಗ ‘ಟಕ್’ ಎಂದ ಹಾಗಾಗಿ, ಒಂದೆರಡು ಗಂಟೆಯೊಳಗೆ ಮೊಣಕಾಲು ಬಾತು, ಆಮೇಲೆ ನಡೆಯುವಾಗ ಕಾಲು ಕೈಕೊಟ್ಟಂತೆ ಅನಿಸಿದರೆ ಮೊದಲ ಅನುಮಾನ ಎ.ಸಿ.ಎಲ್. ಮೇಲೆ. ಇಂಥವರು ಸೋನೋಗ್ರಾಫಿ ಮಾಡಿಸಿದರೆ ‘ಕೀಲಿನಲ್ಲಿ ನೀರಿದೆ’ ಎಂದು ಬರುತ್ತದೆ. ಅದು ನಿಜವೇ, ಆದರೆ ಅವರು ತಿಳಿಯಬೇಕಾದದ್ದು ಅದಲ್ಲ. ಮೊಣಕಾಲನ್ನು 20–30 ಡಿಗ್ರಿ ಮಡಚಿ, ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುವ ಲಾಚ್ಮನ್ ಪರೀಕ್ಷೆ ಬಲ್ಲ ಎಲುಬಿನ ಡಾಕ್ಟರರ ಕೈ ಇಲ್ಲಿ ಆ ಯಂತ್ರಕ್ಕಿಂತ ಹೆಚ್ಚು ಹೇಳುತ್ತದೆ. ಅನುಮಾನ ಗಟ್ಟಿಯಾದರೆ ಮುಂದಿನ ಹೆಜ್ಜೆ ಎಂ.ಆರ್.ಐ. ಮಡಚಿದ ಮೊಣಕಾಲು ಸಿಕ್ಕಿಕೊಂಡು ಬಿಡಿಸಲು ಬಾರದಂತಾದರೆ ಮೆನಿಸ್ಕಸ್ ಹರಿದು ನಡುವೆ ಸಿಲುಕಿರಬಹುದು. ಅದಕ್ಕೂ ದಾರಿ ಇದೇ.

ಇಚಲಕರಂಜಿ ಪವರ್‌ಲೂಮಿನ ಊರು. ಮಗ್ಗದ ಮುಂದೆ 12 ಗಂಟೆಯ ಪಾಳಿ ನಿಂತೇ ಸಾಗುತ್ತದೆ. ಇಲ್ಲಿ 50 ದಾಟಿದವರ ದೂರು ಬೇರೆ: ಕೂತು ಏಳುವಾಗ ನೋವು, ಮೆಟ್ಟಿಲಿಳಿಯುವಾಗ ನೋವು, ಬೆಳಿಗ್ಗೆ ಸ್ವಲ್ಪ ಹೊತ್ತು ಬಿಗಿತ, ಹಿಂಬದಿಯಲ್ಲಿ ತುಂಬಿಕೊಂಡ ಹಾಗೆ. ಸವೆತದ ಲಕ್ಷಣ ಇದು. ನಿಂತು ತೆಗೆಸಿದ ಎಕ್ಸ್‌ರೇ ಬಹುಮಟ್ಟಿಗೆ ಸಾಕು. ಹಿಂಬದಿಯ ಗಂಟು ಏನು, ಸೂಜಿ ಹಾಕಿ ನೀರು ತೆಗೆಯುವಷ್ಟು ಇದೆಯೇ, ಮೀನಖಂಡದ ಬಾವು ಸಿಸ್ಟ್ ಒಡೆದದ್ದೋ ರಕ್ತ ಹೆಪ್ಪುಗಟ್ಟಿದ್ದೋ ಎಂಬ ಪ್ರಶ್ನೆ ಎದ್ದಾಗ ಸೋನೋಗ್ರಾಫಿ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಗಡಹಿಂಗ್ಲಜದಲ್ಲಿ ಫುಟ್ಬಾಲಿನ ಹುಚ್ಚೂ ಇದೆ, ಕಬ್ಬಿನ ದುಡಿಮೆಯೂ ಇದೆ. ಹತ್ತರಿಂದ ಹದಿನೈದು ವಯಸ್ಸಿನ ಹುಡುಗರಿಗೆ ಚಿಪ್ಪಿನ ಕೆಳಗೆ, ಟೆಂಡನ್ ಎಲುಬಿಗೆ ಅಂಟುವ ಜಾಗದಲ್ಲಿ ಗಂಟೆದ್ದು, ಓಡಿದಾಗ ಜಿಗಿದಾಗ ನೋಯುವುದುಂಟು. ಬೆಳೆಯುವ ವಯಸ್ಸಿನ ತೊಂದರೆ ಅದು. ಮುಟ್ಟಿ ನೋಡಿದರೆ ತಿಳಿಯುತ್ತದೆ, ಆಟ ಕಡಿಮೆ ಮಾಡಿದರೆ ತಗ್ಗುತ್ತದೆ. ಆದರೆ ಮಗು ಮೊಣಕಾಲು ನೋವೆನ್ನುತ್ತ ಕುಂಟುತ್ತಿದ್ದು ಮೊಣಕಾಲಿನಲ್ಲಿ ಏನೂ ಕಾಣದಿದ್ದರೆ ತೊಡೆಸಂದನ್ನು ಪರೀಕ್ಷಿಸಲೇಬೇಕು. ಸೊಂಟದ ಕೀಲಿನ ತೊಂದರೆ ಮೊಣಕಾಲಿನ ನೋವಾಗಿ ಕಾಣಿಸಿಕೊಳ್ಳುವುದುಂಟು. ಮೊಣಕಾಲಿನ ಎಷ್ಟು ಸ್ಕ್ಯಾನು ತೆಗೆದರೂ ಅದು ಸಿಗದು. ಇನ್ನು ಮೊಣಕಾಲೂರಿ ನೆಲ ಒರೆಸುವ, ಟೈಲ್ಸ್ ಕೂರಿಸುವ ಜನರಿಗೆ ಚಿಪ್ಪಿನ ಮೇಲೆ ಮೆತ್ತನೆಯ ಬಾವು ಏಳುತ್ತದೆ. ಅದು ಬರ್ಸಾದ ಬಾವು ಹೌದೋ ಅಲ್ಲವೋ ಎಂದು ಸೋನೋಗ್ರಾಫಿ ಖಚಿತವಾಗಿ ಹೇಳುತ್ತದೆ.

ಸ್ಕ್ಯಾನಿಗೆ ಕಾಯಬಾರದ ಹೊತ್ತು

ಪೆಟ್ಟು ಬಿದ್ದವರಿಗೆ ಎಕ್ಸ್‌ರೇ ಬೇಕೇ ಎಂದು ನಿರ್ಧರಿಸಲು ಕೆನಡಾದ ಡಾಕ್ಟರರು 1995ರಲ್ಲಿ ಒಂದು ಸರಳ ನಿಯಮ ಕೊಟ್ಟರು; ಒಟ್ಟಾವಾ ನಿಯಮ ಎಂದು ಅದಕ್ಕೆ ಹೆಸರು. ವಯಸ್ಸು 55 ಅಥವಾ ಹೆಚ್ಚು. ಮೊಣಕಾಲಿನ ಹೊರಬದಿಯ ಸಣ್ಣ ಎಲುಬಿನ ತಲೆ ಮುಟ್ಟಿದರೆ ನೋವು. ಚಿಪ್ಪನ್ನು ಮುಟ್ಟಿದಾಗ ಮಾತ್ರ ನೋವು. 90 ಡಿಗ್ರಿ ಮಡಚಲು ಆಗದು. ಬಿದ್ದ ಕೂಡಲೇ ನಾಲ್ಕು ಹೆಜ್ಜೆ ಇಡಲಾಗಲಿಲ್ಲ, ಆಸ್ಪತ್ರೆಯಲ್ಲೂ ಇಡಲಾಗುತ್ತಿಲ್ಲ. ಈ ಐದರಲ್ಲಿ ಒಂದಿದ್ದರೂ ಎಕ್ಸ್‌ರೇ ಬೇಕು.

ಕೆಲವು ಸಂದರ್ಭಗಳಲ್ಲಿ ಸ್ಕ್ಯಾನಿನ ಅಪಾಯಿಂಟ್‌ಮೆಂಟಿಗೆ ಕಾಯದೆ ನೇರ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರದ ಜೊತೆ ಮೊಣಕಾಲು ಕೆಂಪಾಗಿ, ಬಿಸಿಯಾಗಿ, ಅಲ್ಲಾಡಿಸಲೂ ಬಾರದಂತಾದರೆ ಕೀಲಿನಲ್ಲಿ ಕೀವು ಆಗಿರಬಹುದು. ಒಂದು ದಿನದ ತಡವೂ ಕೀಲನ್ನು ಹಾಳುಮಾಡಬಲ್ಲದು. ಪೆಟ್ಟಾದ ಮೇಲೆ ಕಾಲು ಸೊಟ್ಟಗಾಗಿದ್ದರೆ, ಪಾದ ತಣ್ಣಗಾಗಿ ಬಿಳಿಚಿದ್ದರೆ ರಕ್ತನಾಳಕ್ಕೆ ಏಟಾಗಿರಬಹುದು. ಮೀನಖಂಡದ ಬಾವಿನ ಜೊತೆ ಉಸಿರು ಸಿಕ್ಕಿಕೊಂಡರೆ ಅದೂ ತುರ್ತೇ. ಇನ್ನೊಂದು ಮಾತು: ಹೊಸದಾಗಿ ಬಾತ ಮೊಣಕಾಲನ್ನು ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಎಳೆಸಬೇಡಿ. ಮೊದಲ ಎರಡು ಮೂರು ದಿನ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಸಡಿಲವಾದ ಕ್ರೇಪ್ ಬ್ಯಾಂಡೇಜು, ಕಾಲು ಎತ್ತರದಲ್ಲಿ. ಇಷ್ಟು ಸಾಕು.

ಸೆಂಟರಿನಲ್ಲಿ ಚೀಟಿ ಏಕೆ ಕೇಳುತ್ತಾರೆ

ಖಾಸಗಿ ಸೋನೋಗ್ರಾಫಿ ಸೆಂಟರಿಗೆ ಕಾಲಿಟ್ಟ ಕೂಡಲೇ ಕಾಣುವುದು ‘ಇಲ್ಲಿ ಗರ್ಭಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡು ಮತ್ತು ಗೋಡೆಗೆ ತೂಗುಹಾಕಿದ ನೋಂದಣಿ ಪತ್ರ. ಡಾಕ್ಟರರ ಚೀಟಿ ಕೇಳುತ್ತಾರೆ, ಗುರುತಿನ ಚೀಟಿಯನ್ನೂ ಕೇಳಬಹುದು. ಮೊಣಕಾಲು ತೋರಿಸಲು ಬಂದವರಿಗೆ ಇದೇಕೆ ಎಂದು ಬೇಸರಪಡಬೇಡಿ. ಇದರ ಹಿಂದೆ ಕೊಲ್ಹಾಪುರದ್ದೇ ಒಂದು ಕಥೆಯಿದೆ.

ಹೆಣ್ಣು ಭ್ರೂಣಹತ್ಯೆ ತಡೆಯಲು ದೇಶದಲ್ಲಿ ಮೊದಲು ಕಾನೂನು ಮಾಡಿದ ರಾಜ್ಯ ಮಹಾರಾಷ್ಟ್ರ, 1988ರಲ್ಲಿ. ಕೇಂದ್ರದ ಕಾನೂನು ಬಂದದ್ದು 1994ರಲ್ಲಿ, ಜಾರಿಯಾದದ್ದು 1996ರಲ್ಲಿ. ಆದರೂ 2001ರ ಜನಗಣತಿಯಲ್ಲಿ ಕೊಲ್ಹಾಪುರ ಜಿಲ್ಲೆಯಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 839 ಮಾತ್ರ ಇದ್ದರು. ಮರಾಠಿ ಲೇಖಕರೂ ಆದ ಲಕ್ಷ್ಮೀಕಾಂತ ದೇಶಮುಖರು ಅಲ್ಲಿ ಜಿಲ್ಲಾಧಿಕಾರಿಯಾಗಿದ್ದಾಗ, 2010ರಲ್ಲಿ, ಜಿಲ್ಲೆಯ ಸೋನೋಗ್ರಾಫಿ ಯಂತ್ರಗಳಿಗೆ ‘ಸೈಲೆಂಟ್ ಆಬ್ಸರ್ವರ್’ ಎಂಬ ಸಾಧನ ಜೋಡಿಸಬೇಕೆಂದು ಸೂಚಿಸಿದರು. ಪರದೆಯ ಮೇಲೆ ಮೂಡುವ ಚಿತ್ರಗಳನ್ನು ಅದು ದಾಖಲಿಸಿಡುತ್ತಿತ್ತು. ರೇಡಿಯಾಲಜಿಸ್ಟರ ಸಂಘ ಇದನ್ನು ಮುಂಬಯಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2011ರ ಆಗಸ್ಟಿನಲ್ಲಿ ನ್ಯಾಯಾಲಯ ಜಿಲ್ಲಾಧಿಕಾರಿಯ ಆದೇಶವನ್ನೇ ಎತ್ತಿಹಿಡಿಯಿತು.

ಕಾನೂನಿನ ಕಣ್ಣಿಗೆ ಯಂತ್ರ ಒಂದೇ. ಮೊಣಕಾಲು ನೋಡುವ ಯಂತ್ರದಿಂದ ಗರ್ಭವನ್ನೂ ನೋಡಬಹುದಾದ್ದರಿಂದ ನೋಂದಣಿ, ದಾಖಲೆಗಳೆಲ್ಲ ಬೇಕು. 2012ರ ತಿದ್ದುಪಡಿ ಹೊತ್ತೊಯ್ಯುವ ಪುಟ್ಟ ಯಂತ್ರಗಳನ್ನೂ ನೋಂದಾಯಿತ ಜಾಗದ ಒಳರೋಗಿಗಳಿಗೆ ಮತ್ತು ಸಂಚಾರಿ ಆಸ್ಪತ್ರೆಗಳಿಗೆ ಸೀಮಿತಗೊಳಿಸಿತು. ಬೇರೆ ದೇಶಗಳ ಆಟದ ಮೈದಾನಗಳಲ್ಲಿ ಗಾಯಾಳುವಿನ ಪಕ್ಕದಲ್ಲೇ ಸ್ಕ್ಯಾನ್ ಮಾಡುವುದನ್ನು ನೀವು ಟಿ.ವಿ.ಯಲ್ಲಿ ನೋಡಿರಬಹುದು, ನಮ್ಮ ತಾಲೀಮಿಗೆ ಯಂತ್ರ ತರಿಸಲಾಗದು, ನಾವೇ ಅದಿರುವಲ್ಲಿಗೆ ಹೋಗಬೇಕು. ಬಸುರಿಯರ ಪರೀಕ್ಷೆಗೆ ತುಂಬುವ ‘ಎಫ್’ ಫಾರ್ಮು ಮಾತ್ರ ಬಸುರಿಯಲ್ಲದ ಮೊಣಕಾಲಿನ ರೋಗಿಗೆ ಬೇಕಿಲ್ಲ.

ಸೆಂಟರ್ ಆರಿಸುವಾಗ

ಮೊದಲು ಫೋನ್ ಮಾಡಿ ಮೂರು ಮಾತು ಕೇಳಿ. ಮೊಣಕಾಲಿನ ಸೋನೋಗ್ರಾಫಿ ಮಾಡುತ್ತೀರಾ? ಮಾಡುವ ರೇಡಿಯಾಲಜಿಸ್ಟರು ಯಾವ ದಿನ, ಯಾವ ಹೊತ್ತಿಗೆ ಬರುತ್ತಾರೆ? ಒಟ್ಟು ಎಷ್ಟಾಗುತ್ತದೆ, ಡಾಪ್ಲರಿಗೆ ಬೇರೆಯೇ, ಎರಡೂ ಕಾಲಿಗೆ ಎರಡು ದರವೇ? ಮೊದಲ ಪ್ರಶ್ನೆಗೆ ಕಾರಣವಿದೆ. ಹೊಟ್ಟೆ ನೋಡುವ ಬಾಗಿದ ಪ್ರೋಬ್ ಸುಮಾರು 2ರಿಂದ 5 ಮೆಗಾಹರ್ಟ್ಸಿನದು, ಆಳಕ್ಕೆ ಹೋಗುತ್ತದೆ. ಮೊಣಕಾಲಿಗೆ ಬೇಕಾದದ್ದು 7ರಿಂದ 15 ಮೆಗಾಹರ್ಟ್ಸಿನ ಚಪ್ಪಟೆ ಮುಖದ ಲೀನಿಯರ್ ಪ್ರೋಬ್. ಆಳ ಕಡಿಮೆ, ಸ್ಪಷ್ಟತೆ ಹೆಚ್ಚು. ಅದಕ್ಕಿಂತ ಮುಖ್ಯ ಅದನ್ನು ಹಿಡಿಯುವ ಕೈ. ಪ್ರೋಬನ್ನು ಸ್ವಲ್ಪ ಓರೆ ಹಿಡಿದರೂ ಗಟ್ಟಿಮುಟ್ಟಾದ ಟೆಂಡನ್ ಕಪ್ಪಾಗಿ, ಹರಿದಂತೆ ಕಾಣುತ್ತದೆ. ಕೀಲುಗಳನ್ನು ನಿತ್ಯ ನೋಡುವವರಿಗೆ ಈ ಮೋಸ ಗೊತ್ತಿರುತ್ತದೆ.

ಖಾಸಗಿಯಲ್ಲಿ ಸರದಿ ಬೇಗ ಬರುತ್ತದೆ, ರಿಪೋರ್ಟು ಸಾಮಾನ್ಯವಾಗಿ ಅದೇ ದಿನ ಸಿಗುತ್ತದೆ, ಖರ್ಚು ಎಂ.ಆರ್.ಐ.ಗಿಂತ ಬಹಳ ಕಡಿಮೆ. ಹಣದ ಅಡಚಣೆ ಇದ್ದವರು ಕೊಲ್ಹಾಪುರದ ಸಿ.ಪಿ.ಆರ್. ಆಸ್ಪತ್ರೆ, ಇಚಲಕರಂಜಿಯ ಇಂದಿರಾ ಗಾಂಧಿ ಆಸ್ಪತ್ರೆ, ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಬೇಕು. ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ಪತ್ರೆಗಳಲ್ಲಿ ತಪಾಸಣೆ, ಚಿಕಿತ್ಸೆ 2023ರ ಆಗಸ್ಟ್ 15ರಿಂದ ಉಚಿತ.

ಕೋಣೆಯೊಳಗೆ

ಉಪವಾಸ ಬೇಡ, ನೀರು ಕುಡಿದು ಮೂತ್ರ ತಡೆಯುವುದೂ ಬೇಡ. ತೊಡೆಯವರೆಗೆ ಸರಾಗವಾಗಿ ಏರಿಸಬಹುದಾದ ಬಟ್ಟೆ ಉಟ್ಟಿರಿ. ಮುಲಾಮು, ಎಣ್ಣೆ ತೊಳೆದುಕೊಂಡು ಹೋಗಿ. ಹಳೆಯ ಎಕ್ಸ್‌ರೇ, ರಿಪೋರ್ಟು, ನುಂಗುತ್ತಿರುವ ಗುಳಿಗೆಗಳ ಚೀಟಿ ಜೊತೆಗಿರಲಿ. ಮರಾಠಿ ಬಾರದವರು ಯಾವ ಕಾಲು, ಎಲ್ಲಿ ನೋವು ಎಂಬುದನ್ನು ಬೆರಳಿಟ್ಟೇ ತೋರಿಸಿ. ಚೀಟಿಯಲ್ಲಿ ಬಲ, ಎಡ ಸರಿಯಾಗಿದೆಯೇ ಎಂದು ಕೌಂಟರಿನಲ್ಲೇ ಖಚಿತ ಮಾಡಿಕೊಳ್ಳಿ.

ನಮ್ಮಲ್ಲಿ ಸೋನೋಗ್ರಾಫಿ ಮಾಡುವವರು ಸಾಮಾನ್ಯವಾಗಿ ಡಾಕ್ಟರರೇ. ಇದು ರೋಗಿಗೆ ದೊಡ್ಡ ಅನುಕೂಲ, ನೋಡುತ್ತಿರುವಾಗಲೇ ಮಾತಾಡಬಹುದು. ಮೊದಲು ಅಂಗಾತ ಮಲಗಿಸಿ ಮೊಣಕಾಲ ಕೆಳಗೆ ದಿಂಬಿಡುತ್ತಾರೆ. ತಣ್ಣನೆಯ ಜೆಲ್ ಹಚ್ಚುತ್ತಾರೆ. ಪ್ರೋಬಿಗೂ ಚರ್ಮಕ್ಕೂ ನಡುವೆ ಗಾಳಿ ಉಳಿದರೆ ಶಬ್ದ ಒಳಗೆ ಹೋಗುವುದಿಲ್ಲ. ಮುಂದೆ, ಒಳಬದಿ, ಹೊರಬದಿ ನೋಡಿ, ಆಮೇಲೆ ಬೋರಲು ಮಲಗಿಸಿ ಹಿಂಬದಿ ನೋಡುತ್ತಾರೆ. ಕಾಲು ಮಡಚಿ, ತೊಡೆ ಬಿಗಿ ಹಿಡಿಯಿರಿ ಎನ್ನುತ್ತಾರೆ, ಏಕೆಂದರೆ ಕೀಲು ಆಡುತ್ತಿರುವಾಗಲೇ ನೋಡಬಲ್ಲದ್ದು ಈ ಪರೀಕ್ಷೆಯ ವಿಶೇಷ ಶಕ್ತಿ. ಯಾವ ಚಲನೆಯಲ್ಲಿ ನೋಯುತ್ತದೋ ಅದನ್ನು ಮಾಡಿ ತೋರಿಸಿ. ನೋವಿಲ್ಲದ ಕಾಲನ್ನೂ ಹೋಲಿಸಿ ನೋಡುವಿರಾ ಎಂದು ವಿನಯದಿಂದ ಕೇಳಿ.

ರಿಪೋರ್ಟು ಕೈಗೆ ಬಂದಾಗ

‘ಎಫ್ಯೂಷನ್’ ಎಂದರೆ ಕೀಲಿನಲ್ಲಿ ನೀರು. ‘ಬರ್ಸೈಟಿಸ್’ ಎಂದರೆ ಬರ್ಸಾದ ಬಾವು. ‘ಟೆಂಡಿನೋಸಿಸ್’ ಎಂದರೆ ಟೆಂಡನ್ನಿನ ಎಳೆಗಳು ದಣಿದು ದಪ್ಪವಾಗಿವೆ. ‘ಪಾರ್ಷಿಯಲ್ ಟಿಯರ್’ ಎಂದರೆ ಅರ್ಧಂಬರ್ಧ ಹರಿದದ್ದು, ‘ಕಂಪ್ಲೀಟ್ ಟಿಯರ್’ ಎಂದರೆ ಪೂರ್ತಿ ಹರಿದದ್ದು. ‘ಆಸ್ಟಿಯೋಫೈಟ್’ ಸವೆದ ಕೀಲಿನ ಅಂಚಿಗೆ ಬೆಳೆದ ಎಲುಬಿನ ಮುಳ್ಳು. ಕೊನೆಯಲ್ಲಿ ‘ಕ್ಲಿನಿಕಲ್ ಕೋರಿಲೇಶನ್’ ಎಂದು ಬರೆದಿದ್ದರೆ, ಚಿತ್ರದಲ್ಲಿ ಕಂಡದ್ದನ್ನು ರೋಗಿಯ ನೋವಿನ ಜೊತೆ ತಾಳೆ ನೋಡಿ ಎಂದು ಕಳಿಸಿಕೊಟ್ಟ ಡಾಕ್ಟರರಿಗೆ ಹೇಳಿದ ಮಾತು.

ಆ ತಾಳೆ ನೋಡುವುದು ಏಕೆ ಮುಖ್ಯ ಎಂಬುದನ್ನು 2008ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಅಧ್ಯಯನ ತೋರಿಸಿತು. 50ರಿಂದ 90 ವಯಸ್ಸಿನವರ ಮೊಣಕಾಲಿಗೆ ಎಂ.ಆರ್.ಐ. ಮಾಡಿದಾಗ ಮೆನಿಸ್ಕಸ್ ಹರಿದಿದ್ದವರಲ್ಲಿ 100ಕ್ಕೆ 61 ಮಂದಿಗೆ ಹಿಂದಿನ ತಿಂಗಳಲ್ಲಿ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ವಯಸ್ಸಾದ ಮೊಣಕಾಲಿನಲ್ಲಿ ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದೇ ನೋವಿಗೆ ಕಾರಣ ಎಂದು ತಿಳಿದು ಹೆದರುವುದು, ಆಪರೇಷನ್ನಿಗೆ ಅವಸರಪಡುವುದು ಎರಡೂ ಬೇಡ. ಹಾಗೆಯೇ ‘ನಾರ್ಮಲ್’ ಎಂದು ಬಂದರೂ ನೋವು ಸುಳ್ಳಾಗುವುದಿಲ್ಲ. ಸೋನೋಗ್ರಾಫಿ ನೋಡಬಲ್ಲ ಜಾಗಗಳಲ್ಲಿ ಏನೂ ಕಾಣಲಿಲ್ಲ ಎಂದಷ್ಟೇ ಅದರರ್ಥ.

ರಿಪೋರ್ಟನ್ನು, ಚೀಟಿ ಬರೆದುಕೊಟ್ಟ ಡಾಕ್ಟರರಿಗೇ ತೋರಿಸಿ. ಇಂಜೆಕ್ಷನ್ ಬೇಕೆಂದರೆ ಯಾವ ಔಷಧಿ, ಎಷ್ಟು ದಿನದ ಆರಾಮಕ್ಕೆ, ಸಕ್ಕರೆ ಕಾಯಿಲೆ ಇದ್ದರೆ ನಡೆಯುತ್ತದೆಯೇ ಎಂದು ಕೇಳಿ. ಬಾವಿನ ನೀರು ತೆಗೆಯುವಾಗ, ಕೆಲವು ಇಂಜೆಕ್ಷನ್ ಕೊಡುವಾಗ ಸೋನೋಗ್ರಾಫಿಯಲ್ಲಿ ಸೂಜಿಯ ಮೊನೆ ನೋಡಿಕೊಂಡೇ ಚುಚ್ಚಬಹುದು. ಆ ಸೌಲಭ್ಯ ಇದೆಯೇ ಎಂದೂ ವಿಚಾರಿಸಿ. ಸವೆತದ ನೋವಿಗೆ, ಟೆಂಡನ್ನಿನ ನೋವಿಗೆ ಯಾವ ಸ್ಕ್ಯಾನು ಏನೇ ಹೇಳಿದರೂ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ತಪ್ಪುವುದಿಲ್ಲ. ಅದನ್ನು ಫಿಸಿಯೋಥೆರಪಿಸ್ಟರಿಂದ ಸರಿಯಾಗಿ ಕಲಿತು ವಾರಗಟ್ಟಲೆ ಬಿಡದೆ ಮಾಡಬೇಕು.

ಹಣ ಕಟ್ಟುವ ಮೊದಲು ಡಾಕ್ಟರರನ್ನು ಒಂದೇ ಒಂದು ಪ್ರಶ್ನೆ ಕೇಳಿ: ‘ಇದರಲ್ಲಿ ಏನು ಕಂಡರೆ ಏನು ಮಾಡುತ್ತೀರಿ, ಕಾಣದಿದ್ದರೆ ಏನು ಮಾಡುತ್ತೀರಿ?’ ಎರಡಕ್ಕೂ ಬೇರೆ ಬೇರೆ ಉತ್ತರ ಬಂದರೆ ನಿಶ್ಚಿಂತೆಯಿಂದ ಮಾಡಿಸಿ. ಆ ಸ್ಕ್ಯಾನು ನಿಮ್ಮ ಚಿಕಿತ್ಸೆಯ ದಾರಿಯನ್ನು ತೀರ್ಮಾನಿಸಲಿದೆ. ಎರಡಕ್ಕೂ ಒಂದೇ ಗುಳಿಗೆ, ಒಂದೇ ವ್ಯಾಯಾಮ ಎಂದಾದರೆ, ಮೇಲೆ ಹೇಳಿದ ತುರ್ತು ಲಕ್ಷಣಗಳು ಇಲ್ಲದಿದ್ದರೆ, ಆ ವ್ಯಾಯಾಮವನ್ನು ಇಂದೇ ಶುರುಮಾಡಿ. ಕೆಲವು ವಾರಗಳಲ್ಲಿ ನೋವು ತಗ್ಗದಿದ್ದರೆ ಸ್ಕ್ಯಾನಿನ ಮಾತನ್ನು ಮತ್ತೆ ಎತ್ತಿ. ಆ ಹೊತ್ತಿಗೆ ಏನನ್ನು ಹುಡುಕಬೇಕು ಎಂಬುದು ನಿಮಗೂ ಡಾಕ್ಟರರಿಗೂ ಇನ್ನಷ್ಟು ಸ್ಪಷ್ಟವಾಗಿರುತ್ತದೆ.